ಹತ್ತಿ ಗಿರಣಿಯ ಅಟ್ಟ

"ಬೂಟು ಕಳಚಿ ಬರ್ರಿ. ಇಲ್ಲಾಂದ್ರ ಅಲ್ಲೇ ನಿಂದರ್ರಿ."

ಗವಿಸಿದ್ದೇಶ್ ಎತ್ತಿದ ಕಾಲು ಎತ್ತಿದಂತೆಯೇ ನಿಂತ. ಹರಪನಹಳ್ಳಿಯ ಹಳೇಪೇಟೆಯ ಪಾಳು ಹತ್ತಿ ಗಿರಣಿಯನ್ನು ಪಾಲುದಾರರ ಜೊತೆ ಕೊಂಡು, ಅದರೊಳಗೆ ಅಟ್ಟವಿರುವ ಐಷಾರಾಮಿ ಲಾಫ್ಟ್ ಮನೆಗಳನ್ನು ಕಟ್ಟಲು ಬಂದ ಎಂಜಿನಿಯರ್ ಅವನು. ತನ್ನ ಕಟ್ಟಡದಲ್ಲಿ ತನ್ನನ್ನೇ ತಡೆಯುವವಳು ಯಾರೆಂದು ನೋಡಿದ.

ಸೊಂಟಕ್ಕೆ ಸೆರಗು ಬಿಗಿದು, ಕಾಲಿಗೆ ಗೆಜ್ಜೆ ಕಟ್ಟಿ ನಿಂತಿದ್ದಳು ಸುಕನ್ಯಾ. ಹಣೆಯ ವಿಭೂತಿ ಬೆವರಿಗೆ ಅರ್ಧ ಕರಗಿತ್ತು. ಕಣ್ಣಲ್ಲಿ ಮಾತ್ರ ಅಳುಕಿರಲಿಲ್ಲ.

ಕೆಲಸದ ಜಾಗದಲ್ಲಿ ಬೂಟು ತೆಗೆಯುವಂತಿಲ್ಲ ಎಂದು ಅವನು ತನ್ನ ನಿಯಮ ಹೇಳಿದ. ಗೆಜ್ಜೆ ಪೂಜೆಯಾದ ಹಲಗೆಯನ್ನು ಮೆಟ್ಟು ಹಾಕಿ ತುಳಿಯುವಂತಿಲ್ಲ ಎಂದು ಇವಳು ತನ್ನ ನಿಯಮ ಹೇಳಿದಳು. ಹಿಂದೆ ನಿಂತ ಅವಳ ಮೇಳದ ಹೆಂಗಸರು ಮುಸಿಮುಸಿ ನಕ್ಕರು.

ಕೊನೆಗೆ ಸೋತವನು ಅವನೇ. ಲೇಸು ಬಿಚ್ಚಿ ಬರಿಗಾಲಲ್ಲಿ ಒಂದು ಹೆಜ್ಜೆ ಇಟ್ಟದ್ದೇ ತಡ, ಕಿಟಕಿ ಬಳಿಯ ಹಲಗೆ 'ಕಿರ್' ಎಂದಿತು.

"ಅದು ದುರ್ಯೋಧನನ ಹಲಗಿರಿ. ಯಾರು ತುಳಿದ್ರೂ ಹಂಗ ಕಿರುಗುಡತೈತಿ," ಎಂದಳು ರೊಟ್ಟಿ ಮಾರುವ ಹುಲುಗಮ್ಮ. ದೊಡ್ಡಾಟದಲ್ಲಿ ದುರ್ಯೋಧನನಾಗಿ ಅಲ್ಲಿ ಕುಣಿಯುವವಳು ಅವಳೇ.

ಸುಕನ್ಯಾಳ ತಂದೆ ಶಿವಯೋಗಪ್ಪ ಮೇಷ್ಟ್ರು ಗಿರಣಿಯ ಈ ಅಟ್ಟದ ಮೇಲೆಯೇ ಊರಿಗೆಲ್ಲ ದೊಡ್ಡಾಟ ಕಲಿಸಿದವರು. ಅವರು ತೀರಿಕೊಂಡ ಮೇಲೆ ಮಗಳು ಹೆಂಗಸರ ಮೇಳ ಕಟ್ಟಿದಳು. ಕುಣಿದು ಕುಣಿದು ಹಲಗೆಗಳಲ್ಲಿ ಹಿಮ್ಮಡಿಯಗಲದ ಗುಳಿಗಳು ಬಿದ್ದಿದ್ದವು. ಅಪ್ಪನ ಗುಳಿಯಲ್ಲಿ ತನ್ನ ಹಿಮ್ಮಡಿ ಇಟ್ಟಾಗ ಮಾತ್ರ ಅವಳಿಗೆ ಅಪ್ಪ ಇನ್ನೂ ಇದ್ದಾನೆ ಅನ್ನಿಸುತ್ತಿತ್ತು. ಆ ಅಟ್ಟ ಹೋದರೆ ಅವಳ ಪಾಲಿಗೆ ಅಪ್ಪ ಎರಡನೇ ಸಲ ಹೋದಂತೆ.

"ಹೊರಗ ಬೋರ್ಡ್ ಹಾಕೀರಲ್ರಿ, ಕಲಾವಿದರ ಓಣಿಯೊಳಗ ಐಷಾರಾಮಿ ಬದುಕು ಅಂತ," ಎಂದಳು ಅವಳು. "ಕಲಾವಿದರನ್ನ ಹೊರಗ ಹಾಕಿದ ಮ್ಯಾಲೆ ಯಾರನ್ನ ತೋರಿಸಿ ಮನಿ ಮಾರ್ತೀರಿ?"

ಗವಿಸಿದ್ದೇಶ್‌ನ ಕಣ್ಣು ಕಿಟಕಿಯಾಚೆಯ ಬೋರ್ಡಿನತ್ತ ಹೋಯಿತು. ಆ ಸಾಲು ಬರೆದವನು ಅವನೇ. ಬಗ್ಗಿ ಒಂದು ಗುಳಿಯನ್ನು ಮುಟ್ಟಿ ನೋಡಿ, ಮೆಲ್ಲಗೆ ಹೇಳಿದ.

"ಹಲಗಿಗೆ ಏನೂ ಆಗಂಗಿಲ್ರಿ. ಇದು ನನ್ನ ಮಾತು."

ಅಂದಿನಿಂದ ಸಂಜೆಯಾದರೆ ಅವನು ಬೂಟನ್ನು ಮೆಟ್ಟಿಲ ಬುಡದಲ್ಲಿ ಬಿಟ್ಟು ಮೇಲೆ ಬಂದು ಮೂಲೆ ಹಿಡಿಯುತ್ತಿದ್ದ. ಅವನದು ಹೊಳೆದಂಡೆಯ ಮಾಗಳ ಎಂಬ ಹಳ್ಳಿ. ಆಟ ನೋಡುತ್ತ ಅಜ್ಜಿಯ ತೊಡೆಯ ಮೇಲೆ ನಿದ್ದೆಹೋದವನು. ಅವನಿಗೆ ಆಟದ ಹಾಡಿನ ಪದ ಬರುತ್ತಿತ್ತು, ತಾಳ ಬರುತ್ತಿರಲಿಲ್ಲ. ಮೂಲೆಯಿಂದ ದನಿಗೂಡಿಸಿ ತಾಳ ತಪ್ಪಿದಾಗಲೆಲ್ಲ ಸುಕನ್ಯಾ ಹುಬ್ಬು ಏರಿಸುತ್ತಿದ್ದಳು, ಅವನು ತಲೆ ಕೆರೆದುಕೊಳ್ಳುತ್ತಿದ್ದ. ಒಂದು ಸಂಜೆ ಅವನು ಬರಲಿಲ್ಲ. ಅವಳಿಗೆ ಹೆಜ್ಜೆಯೇ ಕೂಡಲಿಲ್ಲ.

'ಛೇ, ಮೆಟ್ಟಿಲ ಕಡೆ ಯಾಕೆ ಮತ್ತೆ ಮತ್ತೆ ನೋಡುತ್ತಿದ್ದೇನೆ...' ಎಂದು ತನ್ನನ್ನೇ ಬೈದುಕೊಂಡಳು.

ಹುಲುಗಮ್ಮನಿಗೆ ಎಲ್ಲ ಗೊತ್ತಾಗಿತ್ತು. ಬೆಕ್ಕು ಕಣ್ಣು ಮುಚ್ಚಿ ಹಾಲು ಕುಡಿದರೆ ಜಗತ್ತಿಗೆ ಕಾಣುವುದಿಲ್ಲವೇ?

ಅಟ್ಟದ ಕೆಲಸ ಶುರುವಾದಾಗ ತಾಲೀಮು ಗುಡಿಯ ಅಂಗಳಕ್ಕೆ ಹೋಯಿತು. ಮುಗಿಯುವವರೆಗೆ ಮೇಲೆ ಬರಬೇಡಿ, ನಾನೇ ಕರೆಯುತ್ತೇನೆ ಎಂದಿದ್ದ ಗವಿಸಿದ್ದೇಶ್. ಕೊಳ್ಳುವವರಿಗೆ ಮನೆ ತೋರಿಸುವ ಮುನ್ನಾದಿನವೂ ಕರೆ ಬರಲಿಲ್ಲ. ಸುಕನ್ಯಾ ತಡೆಯಲಾರದೆ ಮೆಟ್ಟಿಲು ಹತ್ತಿದಳು.

ಎತ್ತರದ ಗಾಜಿನ ಕಿಟಕಿ. ತೂಗುವ ದೀಪ. ಮೆತ್ತನೆಯ ಸೋಫಾ. ಕೆಳಗೆ ಎಣ್ಣೆ ಹಚ್ಚಿ ಮಿರಮಿರ ಮಿಂಚುವ ನುಣುಪು ನೆಲ.

ಒಂದೂ ಗುಳಿಯಿಲ್ಲ.

ಅವಳು ಹೊಸಿಲು ದಾಟಲಿಲ್ಲ. ಹಳೆಯ ತೇಗದ ಹಲಗೆಗೆ ಒಳ್ಳೆಯ ಬೆಲೆಯಿದೆಯೆಂದು ಊರವರು ಆಡಿಕೊಂಡದ್ದು ನೆನಪಾಯಿತು. ಫೋನ್ ಮಾಡಿದಳು, ಅವನು ಎತ್ತಲಿಲ್ಲ.

'ಮಾರಿಬಿಟ್ಟ... ನನ್ನಪ್ಪನ ಹೆಜ್ಜೆಯನ್ನೇ ಮಾರಿಬಿಟ್ಟ!'

ಆ ರಾತ್ರಿ ಅತ್ತಳು, ಮನದಣಿಯೆ ಅತ್ತಳು. ಬೆಳಗ್ಗೆ ಮುಖ ತೊಳೆದು ಮೇಳವನ್ನೆಲ್ಲ ಕರೆದಳು. ತಾಲೀಮು ಇವತ್ತು ಗಿರಣಿಯ ಬಾಗಿಲಲ್ಲೇ, ಮನೆ ಕೊಳ್ಳಲು ಬಂದವರ ಕಣ್ಣೆದುರಿಗೇ ಎಂದಳು. ಯಾರೂ ಎದುರಾಡಲಿಲ್ಲ. ಹುಲುಗಮ್ಮ ರೊಟ್ಟಿ ಬುಟ್ಟಿ ಬದಿಗಿಟ್ಟು ದುರ್ಯೋಧನನ ಕಿರೀಟವನ್ನೇ ಹಾಕಿಕೊಂಡು ಬಂದಳು.

ದಾವಣಗೆರೆಯಿಂದ ಕಾರುಗಳು ಬಂದಾಗ ಮದ್ದಲೆ ಗುಡುಗುತ್ತಿತ್ತು. ಮೊದಲ ಕಾರಿನಿಂದ ಗವಿಸಿದ್ದೇಶ್ ಇಳಿದ. ಸುಕನ್ಯಾಳ ಮುಖ ನೋಡುತ್ತಲೇ ಅವನಿಗೆ ತಿಳಿಯಿತು, ಇವಳು ಮೇಲೆ ಹೋಗಿ ಬಂದಿದ್ದಾಳೆ. ರಸ್ತೆಯಲ್ಲೇ ಕುಳಿತು ಬೂಟು ಕಳಚಿದ.

"ಮ್ಯಾಲೆ ಬಂದು ಒಂದ ಹೆಜ್ಜಿ ಹಾಕ್ರಿ. ಆಮ್ಯಾಲೆ ನೀವು ಹೇಳಿದಂಗ."

ಹೋಗಬಾರದು ಎಂದಿತು ಮನಸ್ಸು. ಬೈಯುವುದಾದರೂ ಅಲ್ಲೇ ಬೈಯುತ್ತೇನೆ ಎಂದುಕೊಂಡು ಮೇಲೇರಿದಳು. ಕಿಟಕಿ ಬಳಿ ಸಿಟ್ಟೆಲ್ಲ ಕೂಡಿಸಿ ಹೆಜ್ಜೆ ಅಪ್ಪಳಿಸಿದಳು.

'ಕಿರ್...'

ಮತ್ತೆ ತುಳಿದಳು. ಮತ್ತೆ ಅದೇ ಸದ್ದು.

"ಇದು... ನಮ್ಮ ಹಲಗಿ!"

"ನಿಮ್ದ," ಎಂದ ಅವನು. "ತಗ್ಗುದಿನ್ನಿ ನೆಲ ಮನೀಗೆ ನಡಿಯಂಗಿಲ್ಲ, ಟೈಲ್ಸ್ ಹಾಕ್ರಿ ಅಂದ್ರು ಪಾಲುದಾರ್ರು. ಕೆತ್ತಿ ನುಣುಪು ಮಾಡ್ತೀನಿ ಅಂದ ಬಡಿಗೇರ. ನಂಗ ಮನಸು ಬರಲಿಲ್ಲ. ಹಲಗಿ ಡಬ್ಬ ಹಾಕ್ಸಿದೆ. ಮೇಷ್ಟ್ರ ಹೆಜ್ಜಿ ಎಲ್ಲಾ ಕೆಳಗ ಅದಾವು, ಒಂದೂ ಅಳಿಸಿಲ್ಲ. ಇವತ್ತು ನಾನ ಕರದು ತೋರಿಸ್ಬೇಕಂತಿದ್ದೆ..."

ಪೂಜೆಯಾದ ಹಲಗೆಯನ್ನು ಯಾರಾದರೂ ಬೋರಲು ಹಾಕುತ್ತಾರೆಯೇ? ಅವಳಿಗೆ ನಗು ಬಂತು, ಅದರ ಹಿಂದೆಯೇ ಅಳು ಬಂತು.

"ಈ ಮನೀಗೆ ಬಂದವ್ರು ತಾಲೀಮಿಗೆ ಜಾಗ ಕೊಡ್ತಾರೇನ್ರಿ?" ಎಂದಳು ಕಣ್ಣೊರೆಸಿಕೊಂಡು.

"ಉಳಿದ ಮನೀ ಅಷ್ಟ ಮಾರಾಟಕ್ಕ. ಇದು, ಕೆಳಗಿನ ಕೋಣಿ ಸೇರಿ, ನನ್ನ ಪಾಲಿಗೆ ಬಂದೈತಿ, ಬ್ಯಾರೆ ಏನೂ ತಗೊಂಡಿಲ್ಲ." ಅವನ ದನಿ ಇಳಿಯಿತು. "ಕೆಳಗ ಸಂಸಾರ, ಮ್ಯಾಲೆ ತಾಲೀಮು. ನಿಮ್ಮನ್ನ ಬಿಟ್ಟು ಈ ಮನಿಯೊಳಗ ಇರಾಕ ನನಗ ಆಗಂಗಿಲ್ಲ ಸುಕನ್ಯಾ. ಒಪ್ತೀರೇನು?"

ಎದೆ ಮದ್ದಲೆಯಾಗಿತ್ತು. ಆದರೂ ಶಿವಯೋಗಪ್ಪ ಮೇಷ್ಟ್ರ ಮಗಳು ಸುಮ್ಮನೆ ತಲೆಯಾಡಿಸುವವಳಲ್ಲ.

"ಮೊದಲು ಹಲಗಿ ತಿರುವಿ ಹಾಕ್ರಿ. ನಮ್ಮಪ್ಪನ ಹೆಜ್ಜಿ ಮುಚ್ಚಿಟ್ಟು ನಾನು ಸಂಸಾರ ಮಾಡಂಗಿಲ್ಲ."

"ತಗ್ಗಿನ್ಯಾಗ ನಾನು ಎಡವಿ ಬಿದ್ರ?"

ಸುಕನ್ಯಾ ಅವನ ಕೈಯನ್ನು ಗಟ್ಟಿಯಾಗಿ ಹಿಡಿದಳು.

"ಬೀಳಾಕ ಬಿಡಂಗಿಲ್ಲ. ಹೆಜ್ಜಿ ನಾ ಕಲಿಸ್ತೀನಿ."