ಎಂಬತ್ತಕ್ಕೆ ನಿಂತ ಮುಳ್ಳು

"ಎರಡೂ ಮೀಟರು ಬದಲಿ ಮಾಡ್ರಿ. ಹಳೇವು ನನಗ ವಾಪಸ್ ಬ್ಯಾಡ… ಆ ಮುಳ್ಳು ಮತ್ತ ನನ್ನ ಕಣ್ಣಿಗೆ ಬೀಳಬಾರ್ದು!"

ಆ ದನಿ ಕಿವಿಗೆ ಬಿದ್ದದ್ದೇ ತಡ, ಅನುಸೂಯಾಳ ಕೈಯಲ್ಲಿದ್ದ ಸ್ಕ್ರೂಡ್ರೈವರು ಇದ್ದಲ್ಲೇ ನಿಂತಿತು.

ತಲೆ ಎತ್ತಲೋ ಬೇಡವೋ… ಕನಸಿಗೂ ಬರಬೇಡ ಎಂದು ವರ್ಷದಿಂದ ಬೈದು ಅಟ್ಟುತ್ತಿದ್ದ ದನಿ ಅದು.

ಎತ್ತಿದಳು. ಬಾಗಿಲಲ್ಲಿ ದುರಗೇಶ ನಿಂತಿದ್ದ. ಅವನ ಹಿಂದೆ, ಗೂಡ್ಸ್ ಆಟೋದಿಂದ ಆಗಷ್ಟೇ ಇಳಿಸಿದ ಹಳೆಯ ಮೋಟರ್‌ಸೈಕಲ್ಲು. ಅವನ ಅಪ್ಪ ಓಡಿಸಿ ಮಗನಿಗೆ ಬಿಟ್ಟುಕೊಟ್ಟ ಗಾಡಿ. ಅವಳ ಬಲಗಾಲು ಮುರಿದದ್ದೂ ಅದೇ ಗಾಡಿಯ ಕೆಳಗೆ.

"ಅನೂ…"

"ಇಲ್ಲಿ ಅನೂ ಅನ್ನೋರು ಯಾರೂ ಇಲ್ರಿ. ಗಾಡಿ ಕೆಲಸ ಏನೈತಿ ಅದನ್ನ ಹೇಳ್ರಿ."

ಗಂಗಾವತಿಯ ಆ ಸಣ್ಣ ಅಂಗಡಿ ಫಾತಿಮಾಬೀಯದು. ಹಳೆಯ ಗಾಡಿಗಳ ಮೀಟರು ಬಿಚ್ಚುವುದು, ಜೋಡಿಸುವುದು, ಬದಲಿ ಹಾಕುವುದು. ಹೆಚ್ಚು ನಿಲ್ಲಬೇಡ ಎಂದು ಡಾಕ್ಟರು ಹೇಳಿದ ಮೇಲೆ ಅನುಸೂಯಾ ಈ ಕುಂತು ಮಾಡುವ ಕೆಲಸ ಹಿಡಿದಿದ್ದಳು. ಫಾತಿಮಾಬೀ ಅವಳಿಗೆ ಕೆಲಸವನ್ನೂ ಕಲಿಸಿದಳು, ನಗುವುದನ್ನೂ ಮತ್ತೆ ಕಲಿಸಿದಳು.

ಈಗ ಚಹಾದ ಬಸಿ ಕೆಳಗಿಟ್ಟು ಮುದುಕಿ ಕಣ್ಣು ಕಿರಿದು ಮಾಡಿದಳು.

"ಅರೆ! ಆ ಸಿದ್ದಾಪುರದ ಸರದಾರ ಇವನ ಏನು? ನಿಶ್ಚಯ ಆದ ಹುಡುಗಿ ದವಾಖಾನ್ಯಾಗ ಮಲಗಿದ್ರ, 'ಮದಿವಿ ಒಲ್ಲೆ' ಅಂತ ಕಾಕಾನ ಕೈಲೆ ಹೇಳಿ ಕಳಿಸಿದಾವ?"

ದುರಗೇಶ ತಲೆ ತಗ್ಗಿಸಿದ.

"ಬರೋಬ್ಬರಿ ಹೊತ್ತಿಗೆ ಬಂದಿ ನೋಡು ಬಾಬಾ! ನಾಳೆ ಬೇವೂರಿನಿಂದ ಈಕಿನ್ನ ನೋಡಾಕ ಬರಾಕತ್ಯಾರ. ಗಂಡು, ಹೆಂಡ್ತಿ ತೀರಿಕೊಂಡಾವ. ಈಕಿ ಹೂಂ ಅಂದ್ರ ನಾಳೆನ ಎಲಿ-ಅಡಿಕಿ ಮುಗಿಸಿಬಿಡ್ತಾರ."

ಅವನ ಮುಖ ಸುಣ್ಣ ಬಳಿದಂತಾಯಿತು. ಅನುಸೂಯಾ ಅದನ್ನು ಕಂಡೂ ಕಾಣದಂತಿದ್ದಳು.

'ಉರೀಲಿ! ಕುಂಟಿಗೂ ಗಂಡು ಸಿಗ್ತದ ಅಂತ ತಿಳೀಲಿ!'

ಎದ್ದಳು. ಕುಂಟುತ್ತಲೇ, ಒಂದಿಷ್ಟೂ ಮುಚ್ಚಿಡದೆ, ಅವನ ಮುಂದೆಯೇ ಹಾಯ್ದು ಗಾಡಿಯ ಹತ್ತಿರ ಹೋದಳು. ಅವನು ಥಟ್ಟನೆ ಮುಖ ಆಚೆ ತಿರುಗಿಸಿದ.

ಅನುಸೂಯಾ ಗಕ್ಕನೆ ಅವನ ಕಡೆ ತಿರುಗಿದಳು.

"ಯಾಕ್ರಿ, ನೋಡಾಕ ಹೇಸಿಕಿ ಆಗಾಕತ್ತೇತೇನು?"

ಅವನು ಗೋಡೆಯ ಕಡೆಗೆ ಸರಿದ.

ಅವಳು ಕೆಲಸಕ್ಕೆ ಕೈ ಹಾಕಿದಳು. ಹೆಡ್‌ಲೈಟು ಸಡಿಲಿಸಿ, ಮೀಟರಿನ ಬುಡದ ಕೇಬಲ್ ತಿರುವಿ ಬಿಚ್ಚಿ, ಬಲ್ಬಿನ ವೈರುಗಳನ್ನು ಒಂದೊಂದೇ ಎಳೆದಳು. ಜೋಡಿ ಮೀಟರು ಕೈಗೆ ಬಂದವು. ಇಂಜಿನ್ನಿನ ಸುತ್ತು ತೋರಿಸುವ ಮೀಟರಿನ ಗಾಜು ಒಡೆದಿತ್ತು. ಸ್ಪೀಡಿನದು ಮಾತ್ರ ಇಡಿಯಾಗಿತ್ತು. ಆದರೆ ಅದರ ಮುಳ್ಳು…

ಎಂಬತ್ತು! ನಿಂತ ಗಾಡಿಯಲ್ಲಿ ಎಂಬತ್ತು!

"ಇದು ಯಾವಾಗಿನಿಂದ ಹಿಂಗ ನಿಂತೈತ್ರಿ?"

"ಅವತ್ತಿಂದ."

"ಅವತ್ತಿಂದ ಅಂದ್ರ?"

ದುರಗೇಶ ಗೋಡೆಗೆ ಒರಗಿದ.

"ಬಿದ್ದ ದಿನದಿಂದ, ಅನೂ… ನಿನ್ನ ಆಂಬುಲೆನ್ಸಿಗೆ ಹಾಕಿದ ಮ್ಯಾಲೆ ತಿರುಗಿ ನೋಡಿದ್ರ ಎಂಬತ್ತಕ್ಕ ನಿಂತಿತ್ತು. ನಿನ್ನ ಹಿಂದ ಕುಂದ್ರಿಸಿಕೊಂಡು ಎಂಬತ್ತರಾಗ ಹೊಡದೀನಿ ನಾನು! ನಿನ್ನ ಕಾಲು ಮುರಿದಾವ ನಾನ. ಯಾವ ಮುಖ ಹೊತ್ತು ನಿನ್ನ ಕೊರಳಿಗೆ ತಾಳಿ ಕಟ್ಲಿ? ಆ ಹೊತ್ತಿನಿಂದ ಒಂದೂ ಗಾಡಿ ಮುಟ್ಟಿಲ್ಲ. ನೀ ಕುಂಟೋದು ನೋಡಿದ್ರ… ನೋಡಾಕ ಆಗವಲ್ದು."

ಅನುಸೂಯಾ ಮೀಟರನ್ನು ಬೆಳಕಿಗೆ ಹಿಡಿದಳು.

'ಹಂಗಾರ… ನನ್ನ ಕಾಲು ನೋಡಿ ಒಲ್ಲೆ ಅಂದಿದ್ದಲ್ಲ?'

ಆದರೆ ಅವಳ ಕಣ್ಣು ಮೀಟರು ಬಿಟ್ಟು ಅಲುಗಲಿಲ್ಲ. ಡಬ್ಬಿಯನ್ನು ತಿರುವಿದಳು. ಹಿಂಬದಿಗೆ ಹೆಬ್ಬೆರಳು ಹೋಗುವಷ್ಟು ನೆಗ್ಗು! ಅಂಚಿನ ಲೋಹದ ಬಳೆಯನ್ನು ಮೆಲ್ಲಗೆ ಎಬ್ಬಿಸಿ ಗಾಜು ತೆಗೆದಳು. ಅಂಕಿ ಬರೆದ ತಟ್ಟೆ ಒಂದು ಕಡೆ ಉಬ್ಬಿ ಎದ್ದು ಮುಳ್ಳನ್ನು ಕೆಳಗಿನಿಂದ ಒತ್ತಿ ಹಿಡಿದಿತ್ತು. ಉಗುರಿನಿಂದ ತಟ್ಟೆ ಅದುಮಿದಳು.

ಮುಳ್ಳು ಸರ್ರನೆ ಸೊನ್ನೆಗೆ ಬಿತ್ತು.

"ಇಲ್ಲಿ ಬಾ!"

ಅವನು ಬಂದ. ಅವಳು ಮುಳ್ಳನ್ನು ಬೆರಳಿನಿಂದ ಅರವತ್ತಕ್ಕೆ ತಳ್ಳಿ ತಟ್ಟೆ ಬಿಟ್ಟಳು. ಅಲ್ಲೇ ಸಿಕ್ಕಿಕೊಂಡಿತು. ನೂರಕ್ಕೆ ತಳ್ಳಿದಳು. ಅಲ್ಲೂ ಸಿಕ್ಕಿಕೊಂಡಿತು.

"ಬಿದ್ದ ಏಟಿಗೆ ಡಬ್ಬಿ ನೆಗ್ಗೇತಿ. ಮುಳ್ಳು ಹಾರಿ ಎಲ್ಲಿಗೆ ಹೋತೋ ಅಲ್ಲೇ ಸಿಗಬಿದ್ದೈತಿ. ಇದು ನಿನ್ನ ಸ್ಪೀಡ್ ಅಲ್ಲ!"

"ಎಂಬತ್ತರಾಗ ಹೋಗಿದ್ದಿಲ್ಲ ಅಂತ ಹೆಂಗ ಹೇಳ್ತಿ?" ಅವನು ತಲೆ ಅಲ್ಲಾಡಿಸಿದ. "ತಲಿಗೆ ಏಟು ಬಿದ್ದು ನನಗ ಅವತ್ತು ಬೀಳೋ ತನಕದ್ದು ಒಂದೂ ನೆನಪಿಲ್ಲ."

"ನಿನಗ ನೆನಪಿಲ್ಲ! ನನಗ ಐತಿ! ನಾ ಹಿಂದ ಕುಂತಿದ್ನಲ್ಲೋ!"

ಗಿರಾಕಿಗೆ ಹಾಕುತ್ತಿದ್ದ 'ರಿ' ಯಾವಾಗ ಕಳಚಿ ಬಿತ್ತೋ ಅವಳಿಗೇ ತಿಳಿಯಲಿಲ್ಲ.

"ಮದಿವಿಗೆ ಬಳಿ ತಗೊಂಡು ಬರೋವಾಗ ಹಸಿ ಕಡ್ಲಿ ಸಿವುಡು ಕೊಂಡಿದ್ವಿ. ಒಂದೊಂದ ಸುಲಿದು ಹಿಂದಿಂದ ನಿನ್ನ ಬಾಯಿಗೆ ಇಡಾಕತ್ತಿದ್ದೆ. 'ಉಪ್ಪು ಇದ್ದಿದ್ರ ಛಲೋ ಇತ್ತು' ಅಂದಿ. ಎಂಬತ್ತರಾಗ ಹೋಗೋರು ಯಾರಾದ್ರೂ ಕಡ್ಲಿಗೆ ಉಪ್ಪು ಬೇಡ್ತಾರೇನು? ನೀರು ಬಿಟ್ಟ ಗದ್ದಿಯಿಂದ ಟ್ರ್ಯಾಕ್ಟರು ರಸ್ತೆಗೆ ಹತ್ತಿ ರಾಡಿ ಬಿಟ್ಟು ಹೋಗಿತ್ತು. ಗಾಲಿ ಜಾರಿತು. ಅಷ್ಟ!"

"ಖರೇನಾ, ಅನೂ?"

"ಒಂದು ವರ್ಷ ಈ ತಗಡಿನ ಡಬ್ಬಿನ್ನ ನಂಬಿದಿ. ನನ್ನ ಒಂದು ಮಾತು ಕೇಳಲಿಲ್ಲ… ಒಂದ ಮಾತು!"

ದುರಗೇಶ ಅಂಗಡಿಯ ಕಟ್ಟೆಯ ಮೇಲೆ ಕುಸಿದು ಕುಳಿತ. ಎರಡೂ ಕೈಯಲ್ಲಿ ಮುಖ ಮುಚ್ಚಿಕೊಂಡ.

"ನೀ ಏನು ಕಮ್ಮಿ ಬೇಟಿ?" ಫಾತಿಮಾಬೀ ಒಳಗಿನಿಂದಲೇ ಚುಚ್ಚಿದಳು. "ಒಲ್ಲೆ ಅಂದ ಅನ್ನೋದು ಕಿವಿಗೆ ಬಿದ್ದದ್ದ ತಡ, ಅವನ ನಂಬರ್ ಬ್ಲಾಕ್ ಮಾಡಿದಾಕಿ ಯಾರು? ನೀನಾದ್ರೂ ಯಾಕಂತ ಕೇಳಿದ್ಯಾ?"

ಅನುಸೂಯಾ ಬಿಚ್ಚಿದ ಹಳೆಯ ಮೀಟರನ್ನು ಪಕ್ಕಕ್ಕೆ ಸರಿಸಿದಳು.

ಸಿಟ್ಟು ಅಷ್ಟಕ್ಕೆ ಇಳಿಯಲಿಲ್ಲ. ಮುರಿದ ಎಲುಬು ಕೂಡಿಕೊಂಡಿತ್ತು. 'ಒಲ್ಲೆ' ಎಂಬ ಮಾತು ಮಾತ್ರ ಇನ್ನೂ ಹಸಿಯಾಗಿಯೇ ಇತ್ತು. ಒಳಗಿನಿಂದ ಹೊಸ ಜೋಡಿ ಮೀಟರು ತಂದಳು. ಬೋಲ್ಟು ಬಿಗಿದಳು, ಬಲ್ಬು ಕೂರಿಸಿದಳು, ಕೇಬಲ್ ತುದಿಗೆ ಗ್ರೀಸು ಸವರಿ ತಿರುವಿದಳು. ಅವನು ಎದ್ದು ಬಂದು ಹೆಡ್‌ಲೈಟು ಎತ್ತಿ ಹಿಡಿದ. ಇಬ್ಬರ ನಡುವೆ ಗೇಣು ಜಾಗ. ಉಸಿರು ಕೇಳಿಸುವಷ್ಟು ಹತ್ತಿರ.

ಮುಂದಿನ ಗಾಲಿ ಎತ್ತಿ ಕೈಯಿಂದ ತಿರುಗಿಸಿದಳು. ಹೊಸ ಮುಳ್ಳು ನಡುಗುತ್ತಾ ಎದ್ದು, ಗಾಲಿ ನಿಲ್ಲುತ್ತಿದ್ದಂತೆ ಇಳಿಯಿತು.

"ಆತ್ರಿ. ಗಾಡಿ ಒಯ್ಯಬಹುದು."

ಮತ್ತೆ ಆ 'ರಿ'! ದುರಗೇಶನಿಗೆ ಚಪ್ಪಲಿ ಏಟು ಬಿದ್ದಂತಾಯಿತು. ಅವನು ಕದಲಲಿಲ್ಲ.

"ನಾಳೆ… ಬೇವೂರಿನವರಿಗೆ ಹೂಂ ಅಂತಿಯೇನು?"

"ಅಂದ್ರ ನಿಮಗೇನ್ರಿ?"

"ಅನ್ನಬ್ಯಾಡ!"

ರಸ್ತೆಯಲ್ಲಿ ಹೋಗುವವರು ತಿರುಗಿ ನೋಡಿದರು. ಅವನಿಗೆ ಪರಿವೆ ಇರಲಿಲ್ಲ.

"ಗಂಗಾವತ್ಯಾಗ ಮೀಟರು ಹಾಕೋರು ಭಾಳ ಮಂದಿ ಅದಾರ, ಅನೂ. ನೀ ಇಲ್ಲಿ ಇರ್ತಿ ಅಂತ ಗೊತ್ತಿದ್ದ ಬಂದೆ. ಕುಷ್ಟಗಿಯಾವ ಒಬ್ಬ ಗಾಡಿ ಕೊಳ್ಳಾಕ ಕೇಳ್ಯಾನ, ಅದು ಬರೇ ನೆವ. ಒಮ್ಮೆ ನಿನ್ನ ನೋಡಿ, ಹೊಟ್ಟಿ ತುಂಬ ಬೈಸಿಕೊಂಡು ಹೋಗೂಣಂತ…"

"ಬೈದದ್ದು ಸಾಕಾತೇನು?"

"ಇಲ್ಲ. ನಾ ಕಳಿಸಿದ ಆ ಮಾತಿಗೆ ಇದು ಎಲ್ಲಿ ಸಾಲ್ತದ? ಜನ್ಮಪೂರ್ತಿ ಬೈಯಾಕ ಬರ್ತಿಯೇನು?"

ಅನುಸೂಯಾ ತುಟಿ ಕಚ್ಚಿದಳು. ನಗುವೋ ಅಳುವೋ, ಎರಡೂ ಒಟ್ಟಿಗೆ ನುಗ್ಗಿ ಬಂದವು. ಗ್ರೀಸು ಮೆತ್ತಿದ ಕೈ ಒರೆಸಿಕೊಂಡು ಫೋನು ತೆಗೆದಳು.

"ಅಪ್ಪಾ, ಬೇವೂರಿನವರಿಗೆ ನಾಳೆ ಬರಬ್ಯಾಡ ಅಂತ ಹೇಳಿಬಿಡು."

ಆ ಕಡೆ ಹೊಳಿಯಪ್ಪ ಗಾಬರಿಯಾದ. "ಯಾಕವ್ವ? ಏನಾತು?"

"ಮನಿಗೆ ಬಂದು ಹೇಳ್ತೀನಿ. ನನ್ನ ಜೋಡಿ ಒಬ್ಬಾವ ಬರಾಕತ್ತಾನ. ನಾ ಬೈದು ದಣಿದೀನಿ, ಉಳಿದದ್ದು ನೀ ಬೈ."

ಫಾತಿಮಾಬೀ ಸೆರಗು ಬಾಯಿಗೆ ಒತ್ತಿ ನಕ್ಕಳು. "ಹೋಗ್ರಿ ಹೋಗ್ರಿ! ಅಂಗಡಿ ನಾ ನೋಡ್ಕೋತೀನಿ."

ದುರಗೇಶ ಗಾಡಿಯ ಹ್ಯಾಂಡಲ್ ಹಿಡಿದ. ಕಿಕ್ ಹೊಡೆಯಲು ಕಾಲೆತ್ತಿದವನು ತಡೆದು, ಅವಳ ಕಡೆ ತಿರುಗಿದ. ಈ ಸಲ ಮುಖ ತಪ್ಪಿಸಲಿಲ್ಲ. ಅವಳ ಬಲಗಾಲನ್ನು ನೋಡಿದ, ಆಮೇಲೆ ಅವಳ ಕಣ್ಣನ್ನು ನೋಡಿದ.

"ಕಾಲು… ಇನ್ನೂ ನೋಯ್ತದೇನು?"

ಒಂದು ವರ್ಷದಲ್ಲಿ ಎಷ್ಟೋ ಜನ ಕೇಳಿದ್ದರು. 'ಇಲ್ಲ ಬಿಡ್ರಿ' ಎಂದು ಎಲ್ಲರಿಗೂ ಸುಳ್ಳು ಹೇಳಿದ್ದಳು. ಅವನ ಹೆಗಲಿಗೆ ಕೈ ಊರಿ, ಹಿಂದಿನ ಸೀಟಿಗೆ ಮೆಲ್ಲಗೆ ಹತ್ತಿ ಕುಳಿತು, ಅವನ ಬೆನ್ನಿಗೆ ಹಣೆ ಆನಿಸಿದಳು.

"ನೋಯ್ತದ… ಭಾಳ ನೋಯ್ತದ."

"ಇನ್ನ ಮ್ಯಾಲೆ ನಾ ಒತ್ತತೀನಿ."

"ಒಂದ ದಿನ ಒತ್ತಿ ಬಿಟ್ರ ನಡೆಯಂಗಿಲ್ಲ ಮತ್ತ."

"ಬಿಡಂಗಿಲ್ಲ, ಅನೂ."