ಮಿಂಚುಳ್ಳಿಯ ಬೆನ್ನಿಗೆ ಎರಡು ಸೆಕೆಂಡು

ಆ ಭಾನುವಾರ ಬೆಳಿಗ್ಗೆ ಗಾಳಿ ಎದ್ದಿತ್ತು. ಮಳೆ ತರುವ ಗಾಳಿಯಲ್ಲ. ಯಾರನ್ನೋ ಹುಡುಕಿಕೊಂಡು ಬಂದು, ಅವರು ಸಿಗದೆ, ಎಲ್ಲರ ಬಾಗಿಲನ್ನೂ ತಟ್ಟುತ್ತಾ ಹೋಗುವಂಥ ಗಾಳಿ. ಪ್ರೆಸ್ಸಿನ ಬೋರ್ಡು ಒಂದೇ ಮೊಳೆಯ ಮೇಲೆ ನೇತಾಡುತ್ತಿತ್ತು. ಬೈಂಡರ್ ಅದನ್ನು ಇಳಿಸಿ ಗೋಡೆಗೆ ಒರಗಿಸಿದ. ಬೆರಳಿಗೆ ಅಂಟಿದ ಗೋಂದನ್ನು ಉಜ್ಜಿಕೊಳ್ಳುತ್ತಾ ಮೂರನೇ ಮಹಡಿಯ ಹಾಲಿಗೆ ಮೆಟ್ಟಿಲು ಹತ್ತಿದ.

ಅವನು ಪುಸ್ತಕ ಹೊಲಿಯುವವನು. ಹಾಳೆ ಮಡಚಿ, ದಾರ ಹಾಕಿ, ರಟ್ಟು ಅಂಟಿಸಿ, ಭಾರದ ಕೆಳಗಿಟ್ಟು ಒಣಗುವವರೆಗೆ ಕಾಯುವುದು ಅವನ ಕಸುಬು. ಕಾಯುವುದು ಅವನಿಗೆ ಚೆನ್ನಾಗಿ ಬರುತ್ತಿತ್ತು. ಒಂದು ಮಾತನ್ನು ಮೂರು ತಿಂಗಳಿಂದ ಭಾರದ ಕೆಳಗೇ ಇಟ್ಟುಕೊಂಡಿದ್ದ.

ಆ ಮಾತು ಯಾರಿಗೆ ಸೇರಬೇಕೋ ಅವಳು ಅದೇ ಕಟ್ಟಡದ ಕನ್ನಡಕದ ಅಂಗಡಿಯಲ್ಲಿ ಗಾಜು ತಿಕ್ಕುತ್ತಿದ್ದಳು. ಗಾಜನ್ನು ಫ್ರೇಮಿನ ಅಳತೆಗೆ ತಂದು, ಟ್ಯೂಬ್‌ಲೈಟಿನ ಕೆಳಗೆ ಹಿಡಿದು, ಒಂದು ಕಣ್ಣು ಮುಚ್ಚಿ ನೋಡುವಳು. ಹಾಗೆ ನೋಡುವಾಗ ಅವಳ ತುಟಿಯ ಒಂದು ತುದಿ ತುಸು ಮೇಲೇರುತ್ತಿತ್ತು. ಅದನ್ನು ಕಾಣಲೆಂದೇ ಬೈಂಡರ್ ಎರಡು ಸಲ ಕಣ್ಣು ಪರೀಕ್ಷೆ ಮಾಡಿಸಿಕೊಂಡಿದ್ದ. ಎರಡು ಸಲವೂ ಕಣ್ಣು ಚೆನ್ನಾಗಿಯೇ ಇತ್ತು.

ಇಬ್ಬರನ್ನೂ ಒಂದು ಟೀಮಿಗೆ ಸೇರಿಸಿದ್ದು ಬೈಂಡರನ ಅಕ್ಕ. ಅವಳು ನೆಲಮಹಡಿಯ ಟೈಲರ್, ಟೀಮಿನ ಕ್ಯಾಪ್ಟನ್. ಅವಳ ಗಂಡ, ಬಸ್ ಡ್ರೈವರ್ ಭಾವ, ಆಟದಲ್ಲಿ ಎಲ್ಲರಿಗಿಂತ ಮೊದಲು ಮುನ್ನುಗ್ಗಿ ಎಲ್ಲರಿಗಿಂತ ಮೊದಲು ಸಾಯುವವನು. ಮೊಬೈಲಿನಲ್ಲಿ ಆಡುವ ಆಟ ಅದು. ಈ ಕಡೆ ಐದು ಜನ, ಆ ಕಡೆ ಐದು ಜನ, ಎದುರಿನವರ ಕೋಟೆ ಒಡೆದವರು ಗೆದ್ದಂತೆ. ಬೀದಿಯ ಅಂಗಡಿಗಳವರೆಲ್ಲ ಸೇರಿ ಇಟ್ಟುಕೊಂಡ ಪಂದ್ಯದಲ್ಲಿ ಅಂದು ಫೈನಲ್. ಮೂರರಲ್ಲಿ ಎರಡು ಗೆಲ್ಲಬೇಕು.

ಅವಳ ಪಾತ್ರದ ಹೆಸರು ಮಿಂಚುಳ್ಳಿ. ಬೆನ್ನಿಗೆ ಉದ್ದನೆಯ ಬಂದೂಕು, ಸೊಂಟಕ್ಕೆ ಹಗ್ಗ. ಹಗ್ಗ ಬೀಸಿ ಒಂದು ಗೋಪುರದಿಂದ ಇನ್ನೊಂದಕ್ಕೆ ಹಾರಬೇಕು, ದೂರದಿಂದ ಒಂದೇ ಗುಂಡು ಹೊಡೆಯಬೇಕು, ಮತ್ತೆ ಹಾರಬೇಕು. ಸ್ನೈಪರ್ ಎಂದರೆ ಒಂದೇ ಕಡೆ ಮಲಗಿ ಗುರಿಯಿಡುವುದು ಎಂದುಕೊಂಡವರು ಮಿಂಚುಳ್ಳಿಯನ್ನು ಹಿಡಿದು ಎರಡು ನಿಮಿಷವೂ ಬಾಳುತ್ತಿರಲಿಲ್ಲ.

"ಗುಂಡು ಹೊಡೆದ ಮೇಲೆ ಆ ಜಾಗ ನಮ್ಮದಲ್ಲ," ಎನ್ನುತ್ತಿದ್ದಳು ಅವಳು. "ತಾಗಿತಾ ಅಂತ ನಿಂತು ನೋಡೋಕೂ ಹೋಗಬಾರದು. ಆ ನೋಡೋ ಆಸೆನೇ ಮಿಂಚುಳ್ಳಿನ ಸಾಯಿಸೋದು."

ಹಾರುವ ಎರಡು ಸೆಕೆಂಡು ಮಾತ್ರ ಅವಳ ಬೆನ್ನು ಬಯಲು. ಆ ಎರಡು ಸೆಕೆಂಡು ಬೈಂಡರನದು. ಅವನು ಆಡುತ್ತಿದ್ದುದು ಆಮೆ. ಅವನು ಗುಂಡಿ ಒತ್ತಿದರೆ ಅವಳ ಬೆನ್ನಿಗೆ ಒಂದು ಚಿಪ್ಪು ಅರಳುತ್ತಿತ್ತು. ಯಾವಾಗ ಒತ್ತಬೇಕೆಂದು ತಿಳಿಸಲು ಅವಳು ಪ್ರತಿ ಸಲವೂ ಒಂದೇ ಮಾತು ಹೇಳುತ್ತಿದ್ದಳು: "ಬರ್ತೀನಿ."

ಹೊರಡುವವರು ಹೊಸ್ತಿಲಲ್ಲಿ ನಿಂತು ಹೇಳುವ 'ಬರ್ತೀನಿ' ಅದು. ಹೋಗುತ್ತೇನೆ ಎನ್ನಲು ಬಾಯಿ ಬಾರದೆ ನಾವೆಲ್ಲ ಹೇಳುವ ಮಾತು. ಮೂರು ತಿಂಗಳಲ್ಲಿ ಅದನ್ನು ಎಷ್ಟು ಸಾವಿರ ಸಲ ಕೇಳಿದ್ದನೋ. ಕೇಳಿದಾಗಲೆಲ್ಲ, ಯಾವುದೋ ಮನೆಯ ಒಳಗಿನಿಂದ ತಾನು ಅವಳನ್ನು ಕಳಿಸಿಕೊಡುತ್ತಿರುವಂತೆ ಅನ್ನಿಸುತ್ತಿತ್ತು.

ಹಾಲಿನ ಬಾಗಿಲು ತಳ್ಳಿದವನು ಅಲ್ಲೇ ನಿಂತುಬಿಟ್ಟ.

ಅವಳು ಮೊದಲೇ ಬಂದಿದ್ದಳು. ಎದುರಿಗೆ ಕೂತಿದ್ದವನು ಮೆಡಿಕಲ್ ಶಾಪಿನವನು. ಹಳೆಯ ಆಟಗಾರನೊಬ್ಬ ಊರು ಬಿಟ್ಟನೆಂದು ಹೋದ ವಾರವಷ್ಟೇ ಟೀಮಿಗೆ ಸೇರಿದ್ದ. ಗಾಯ ವಾಸಿ ಮಾಡುವ ಪಾತ್ರ ಅವನದು. ಹೊರಗೂ ಮಾತ್ರೆ, ಒಳಗೂ ಮಾತ್ರೆ ಎಂದು ಭಾವ ಅವನಿಗೆ 'ಮಾತ್ರೆ' ಎಂದೇ ಹೆಸರಿಟ್ಟಿದ್ದ. ಅವನ ದನಿಯೋ, ಬಿಸಿ ಹಾಲಿಗೆ ಜೇನು ಬೆರೆಸಿದಂತೆ.

ಅವಳು ಅವನ ಮುಖದಿಂದ ಕನ್ನಡಕವನ್ನು ಎರಡೂ ಕೈಯಲ್ಲಿ ತೆಗೆದಳು. ಕಡ್ಡಿಯನ್ನು ತುಸು ಬಗ್ಗಿಸಿದಳು. ಉಸಿರು ಊದಿ, ತನ್ನ ದುಪಟ್ಟಾದ ಅಂಚಿನಲ್ಲಿ ಗಾಜು ಒರೆಸಿದಳು. ಮತ್ತೆ ಅವನ ಮುಖಕ್ಕೆ ಇಟ್ಟು, ಮೂಗಿನ ಮೇಲೆ ಸರಿಯಾಗಿ ಕೂತಿದೆಯೇ ಎಂದು ಒಂದು ಕಣ್ಣು ಮುಚ್ಚಿ ನೋಡಿದಳು. ತುಟಿಯ ತುದಿ ಮೇಲೇರಿತು.

ದೇವರು ತನಗೆ ಒಳ್ಳೆಯ ಕಣ್ಣು ಕೊಟ್ಟನಲ್ಲ ಎಂದು ಬೈಂಡರನಿಗೆ ಬದುಕಿನಲ್ಲಿ ಮೊದಲ ಸಲ ಬೇಜಾರಾಯಿತು.

"ಬನ್ನಿ ಬೈಂಡರ್ ಸಾಹೇಬ್ರೇ," ಎಂದಳು ಅವಳು. "ಗಾಳಿ ಜೊತೆ ಜಗಳ ಆಡಿಕೊಂಡು ಬಂದ ಹಾಗಿದೆ ಮುಖ."

"ಏನಿಲ್ಲ. ಕಣ್ಣಿಗೆ ಕಸ ಬಿತ್ತು."

"ಎಲ್ಲಿ, ನೋಡೋಣ."

"ಬೇಡ, ಹೋಯ್ತು," ಎಂದುಬಿಟ್ಟ. ಅಂದಮೇಲೆ ತನ್ನ ನಾಲಿಗೆಯನ್ನೇ ಕಚ್ಚಿಕೊಳ್ಳಬೇಕೆನಿಸಿತು.

ಮೊದಲ ಆಟ ಶುರುವಾಯಿತು. ಮಿಂಚುಳ್ಳಿ ಎತ್ತರದ ಗೋಪುರದಿಂದ ಗುಂಡು ಹೊಡೆದಳು. "ಬರ್ತೀನಿ."

"ಬನ್ನಿ ಬನ್ನಿ," ಎಂದ ಮಾತ್ರೆ. "ಕಾಯ್ತಾ ಇದ್ದೀನಿ."

ಭಾವ ಗೊಳ್ಳೆಂದು ನಕ್ಕ. ಅವಳೂ ನಕ್ಕಳು, ಪರದೆಯಿಂದ ಕಣ್ಣು ಎತ್ತದೆ, ಕೆನ್ನೆಯಲ್ಲಿ ಮಾತ್ರ. ಬೈಂಡರ್ ಚಿಪ್ಪು ಬಿಚ್ಚಿದ. ಬಿಚ್ಚುತ್ತಲೇ, ಆ ನಗು ಎಷ್ಟು ಹೊತ್ತು ಇತ್ತು ಎಂದು ಓರೆಗಣ್ಣಲ್ಲಿ ಅಳೆದ.

ಎರಡನೇ ಸಲ ಅವಳು "ಬರ್ತೀನಿ" ಎಂದಾಗಲೂ ಮಾತ್ರೆ "ಬನ್ನಿ" ಎಂದ. ಅವಳ ಜೀವ ಅರ್ಧಕ್ಕೆ ಇಳಿದಿದ್ದರಿಂದ ಹಾರಿದವಳು ಅವನ ಬಳಿಗೇ ಇಳಿದಳು. ಅವನು ಗಾಯ ಮಾಯಿಸಿದ. ಅವಳು "ಥ್ಯಾಂಕ್ಸ್" ಎಂದಳು. ಮೂರು ತಿಂಗಳಲ್ಲಿ ಆಮೆಗೆ ಯಾರೂ ಥ್ಯಾಂಕ್ಸ್ ಹೇಳಿರಲಿಲ್ಲ. ಆಮೆ ಕೇಳಿಯೂ ಇರಲಿಲ್ಲ.

ಆ ಆಟ ಗೆದ್ದರು. ಭಾವ ಎಲ್ಲರ ಬೆನ್ನು ತಟ್ಟಿದ. ಬೈಂಡರನಿಗೆ ಮಾತ್ರ ಗೆಲುವು ಬೇರೆ ಯಾರದೋ ಮನೆಯ ಅಡುಗೆಯ ವಾಸನೆಯಂತೆ ದೂರದಿಂದ ಬಂದು ಹೋಯಿತು.

ಹೊಟ್ಟೆಕಿಚ್ಚಿಗೆ ಕಿವಿ ಬಲು ಚುರುಕು. ಎರಡನೇ ಆಟದಲ್ಲಿ ಅವನಿಗೆ ಮಾತ್ರೆಯ ಉಸಿರು ಕೂಡ ಕೇಳತೊಡಗಿತು. ಅವಳು ಕೂದಲು ಹಿಂದಕ್ಕೆ ಸರಿಸಿದ್ದು, ಮಾತ್ರೆ ನೀರಿನ ಬಾಟಲಿಯನ್ನು ಅವಳತ್ತ ತಳ್ಳಿದ್ದು, ಅವಳು ಕುಡಿದು ವಾಪಸ್ ತಳ್ಳಿದ್ದು, ಎಲ್ಲವೂ ಕೇಳಿಸಿತು. ಆಟ ಕೇಳಿಸಲಿಲ್ಲ.

ಎರಡೂ ಕೋಟೆಗಳು ಕುಸಿಯುವಂತಿದ್ದವು. ಇನ್ನೊಂದು ಗುಂಡು ಸಾಕಿತ್ತು. ಅವಳು ಬಾಗಿ, ಉಸಿರು ಹಿಡಿದು, ಗುರಿ ನೋಡುತ್ತಾ ಹೇಳಿದಳು, "ಈಗ ಆ ಗೋಪುರಕ್ಕೆ. ಬರ್ತೀನಿ."

"ಬನ್ನಿ," ಎಂದಿತು ಜೇನಿನ ದನಿ.

ಬೈಂಡರನ ಹೆಬ್ಬೆರಳು ಗುಂಡಿಯ ಮೇಲಿತ್ತು. ಯಾರ ಹತ್ತಿರ ಬರುತ್ತಾಳೋ ಅವನೇ ಕಾಯಲಿ, ಎಂದುಕೊಂಡ. ಒಂದು ಸೆಕೆಂಡು. ಎರಡು ಸೆಕೆಂಡು.

ಮಿಂಚುಳ್ಳಿ ಗಾಳಿಯಲ್ಲಿದ್ದಾಗಲೇ ಎದುರಿನವರ ಬಾಣ ಬೆನ್ನಿಗೆ ನಾಟಿತು. ಇವರ ಕೋಟೆ ಬಿತ್ತು.

ಅಕ್ಕ ಹೆಡ್‌ಫೋನ್ ಕಿತ್ತು ಮೇಜಿನ ಮೇಲೆ ಇಟ್ಟಳು. "ಏನಾಯ್ತು? ಚಿಪ್ಪು ಎಲ್ಲಿ?"

ಬೈಂಡರ್ ಬಾಯಿ ತೆರೆಯುವ ಮೊದಲೇ ಅವಳು ಹೇಳಿದಳು, "ನನ್ನದೇ ತಪ್ಪು ಅಕ್ಕಾ. ನಾನೇ ಬೇಗ ಹಾರಿಬಿಟ್ಟೆ."

"ಬೇಗ ಹಾರೋಕೆ ಇದೇನು ಹೊಸ ಆಟಾನಾ? ಫೈನಲ್ ಅಂತ ಕೈ ನಡುಗುತ್ತೆ ಅಂದ್ರೆ ಮೊದಲೇ ಹೇಳಬೇಕು ತಾಯಿ. ಇಷ್ಟು ಜನ ಮೂರು ತಿಂಗಳು ಸುಮ್ಮನೆ ಕೂತಿದ್ವಾ?" ಅಕ್ಕನ ಮಾತು ಕತ್ತರಿಯ ಹಾಗೆ ಬಟ್ಟೆಯ ಕೊನೆಯವರೆಗೂ ಹೋಗಿಯೇ ನಿಂತಿತು. "ಮೂರನೇದಕ್ಕೆ ನೀನು ಆಮೆ ಆಡು. ತಮ್ಮಾ, ಮಿಂಚುಳ್ಳಿ ನೀನು ಹಿಡಿ. ಇವಳು ಆಡೋದನ್ನ ನಿನ್ನಷ್ಟು ನೋಡಿದವರು ಯಾರಿದ್ದಾರೆ?"

ಅವಳು ತಲೆಯಾಡಿಸಿದಳು. ಎದ್ದು ಹೊರಗಿನ ಕಾರಿಡಾರಿಗೆ ಹೋದಳು. ಬೈಂಡರ್ ಬಾಯಿ ಮುಚ್ಚಿಕೊಂಡು ಕೂತಿದ್ದ.

ಹದಿನೈದು ನಿಮಿಷದ ವಿರಾಮ. ಮಾತ್ರೆ ಪಕ್ಕಕ್ಕೆ ಬಂದು ನಿಂತ.

"ನಿಮ್ಮನ್ನ ಒಂದು ಕೇಳಲಾ? ಅವರು ಬರ್ತೀನಿ ಅಂತಾರೆ, ನಾನು ಕಾದೂ ಕಾದೂ ಸುಸ್ತು. ಹತ್ತರಲ್ಲಿ ಒಂಬತ್ತು ಸಲ ಬರೋದೇ ಇಲ್ಲ! ಇದೇನಪ್ಪಾ ಅಂತ ಮೊದಲನೇ ಆಟ ಆದಮೇಲೆ ಅವರನ್ನೇ ಕೇಳಿದೆ."

"ಏನಂದ್ರು?" ಎಂದ ಬೈಂಡರ್.

"ಅಯ್ಯೋ, ಅದು ನಿಮಗಲ್ಲ, ಹಿಂದೆ ಇರೋರಿಗೆ ಅಂದ್ರು. ಹೊರಡುವಾಗ ಮನೆಯವರಿಗೆ ಹೇಳಲ್ವಾ, ಹಾಗೆ ಅಂದ್ರು. ಮನೆಯವರಿಗಾ? ಅಂತ ಸುಮ್ಮನೆ ತಮಾಷೆಗೆ ಕೇಳಿದೆ ನೋಡಿ, ಕಿವಿ ಕೆಂಪಗಾಗಿ ಹೋಯ್ತು. ಎರಡನೇ ಆಟದಲ್ಲೂ ಬಾಯಿಗೆ ರೂಢಿಯಾಗಿ ಬನ್ನಿ ಅಂದುಬಿಟ್ಟೆ, ತಪ್ಪಾಯ್ತಾ?"

ಮನೆಯವರು. ಹೆಂಡತಿ ಗಂಡನನ್ನು, ಗಂಡ ಹೆಂಡತಿಯನ್ನು ಹೆಸರು ಹಿಡಿಯದೆ ಕರೆಯುವ ಮಾತು. ಅಮ್ಮ ಅಪ್ಪ ಅಣ್ಣ ಎಲ್ಲರನ್ನೂ ಸೇರಿಸಿ ಕರೆಯುವ ಮಾತೂ ಅದೇ. ಯಾವುದು ಅಂತ ಅವಳ ಕಿವಿಯೇ ಹೇಳಿತ್ತು.

ಬೈಂಡರ್ ಎದ್ದು ಹೊರಟ. ಆ ಮಾತನ್ನು ತನ್ನ ಕೈಗೆ ಕೊಟ್ಟು ಹಾರಿದವಳನ್ನು ತಾನು ಬಯಲಿನಲ್ಲಿ ಬಿಟ್ಟಿದ್ದ.

ಅವಳು ಕಾರಿಡಾರಿನ ಕಿಟಕಿಯ ಬಳಿ ನಿಂತು, ಗಾಳಿಗೆ ಬಡಿದುಕೊಳ್ಳುತ್ತಿದ್ದ ಬಾಗಿಲಿಗೆ ಕೊಂಡಿ ಹಾಕುತ್ತಿದ್ದಳು.

"ನೀವು ಬೇಗ ಹಾರಲಿಲ್ಲ," ಎಂದ.

"ಗೊತ್ತು."

"ನಾನು..."

"ಅದೂ ಗೊತ್ತು. ಬಾಣ ಬಿದ್ದಾಗ ನಿಮ್ಮ ಹೆಬ್ಬೆರಳು ನೋಡಿದೆ. ಗುಂಡಿ ಮೇಲೇ ಸೆಟೆದು ನಿಂತಿತ್ತು, ಮುಟ್ಟಿರಲಿಲ್ಲ. ಒಂದು ಗುಂಡಿ ಒತ್ತದೇ ಇರೋಕೆ ಅಷ್ಟು ಕಷ್ಟಪಟ್ಟವರನ್ನ ನಾನು ಕಂಡಿಲ್ಲ."

"ಮತ್ತೆ ಯಾಕೆ ನಿಮ್ಮ ಮೇಲೆ ಹಾಕಿಕೊಂಡ್ರಿ?"

"ಯಾಕೆ ಒತ್ತಲಿಲ್ಲ ಅಂತ ಅಕ್ಕ ಎಲ್ಲರ ಮುಂದೆ ಕೇಳ್ತಿದ್ರು." ಅವಳು ಈಗ ಅವನತ್ತ ತಿರುಗಿದಳು. "ಆ ಉತ್ತರ ಮೊದಲು ನನಗೆ ಬೇಕಿತ್ತು."

ಅವನು ನೆಲ ನೋಡಿದ. "ಹೊಟ್ಟೆಕಿಚ್ಚು. ಬರ್ತೀನಿ ಅಂದ್ರೆ ಬೇರೆಯವರು ಬನ್ನಿ ಅಂತಾರಲ್ಲ, ತಡಕೊಳ್ಳೋಕಾಗಲಿಲ್ಲ. ಹೊರಡುವಾಗ ನೀವು ನನಗೆ ಹೇಳಿ ಹೊರಡಬೇಕು, ತಿರುಗಿ ನನ್ನ ಹತ್ರಾನೇ ಬರಬೇಕು ಅಂತ ಆಸೆ. ಆಟದಲ್ಲಿ ಮಾತ್ರ ಅಲ್ಲ."

ಅವಳು ಕೊಂಡಿಯನ್ನು ಇನ್ನೊಮ್ಮೆ ಅಲುಗಿಸಿ ನೋಡಿದಳು.

"ಪ್ರೀತಿ ಅನ್ನೋಕೆ ಮೂರು ತಿಂಗಳು ಬಾಯಿ ಬರಲಿಲ್ಲ, ಹೊಟ್ಟೆಕಿಚ್ಚು ಅನ್ನೋಕೆ ಮೂರು ನಿಮಿಷ ಸಾಕಾಯ್ತು," ಎಂದಳು. ದನಿಯಲ್ಲಿ ನಗುವಿತ್ತು, ಕಣ್ಣಲ್ಲಿ ಇರಲಿಲ್ಲ. "ನನಗೂ ಅದೇ ಆಸೆ ಇದೆ ಅಂತ ಇವತ್ತು ಹೇಳೋಕೆ ನನಗೇ ಸಿಟ್ಟು ಬರ್ತಿದೆ. ಬೆನ್ನು ನಿಮಗೆ ಬಿಟ್ಟು ಹಾರಿದ್ದೆ ಕಣ್ರೀ. ಹಿಂದೆ ಒಂದು ಸಲಾನೂ ತಿರುಗಿ ನೋಡಿರಲಿಲ್ಲ."

"ತಪ್ಪಾಯ್ತು."

"ಇನ್ನು ಮುಂದೆ ಕಿಚ್ಚು ಬಂದರೆ ಬಾಯಲ್ಲಿ ಹೇಳಿ. ಬೆರಳಲ್ಲಿ ಬೇಡ."

"ಅಕ್ಕನಿಗೆ..."

"ಅದು ನಿಮಗೆ ಬಿಟ್ಟಿದ್ದು. ನಾನೇನೂ ಕೇಳಲ್ಲ. ಆಮೆನೂ ಆಡ್ತೀನಿ." ಅವಳು ಒಳಗೆ ಹೋದಳು.

ಅವನು ಕಿಟಕಿಯ ಸರಳು ಹಿಡಿದು ಕಣ್ಣು ಮುಚ್ಚಿದ. ಗೆಲುವು ಬೇಡ ದೇವರೇ, ಬಾಯಿ ತೆರೆಯುವಷ್ಟು ಧೈರ್ಯ ಕೊಡು, ಎಂದು ಬೇಡಿದ. ಅಪ್ಪ ಹೋದ ಮೇಲೆ ಅವನನ್ನು ಹೊಲಿಗೆ ಮಿಷನ್ನಿನ ಪಕ್ಕ ಕೂರಿಸಿಕೊಂಡು ಬೆಳೆಸಿದವಳು ಅಕ್ಕ. ನನ್ನ ತಮ್ಮ ಎಂದರೆ ಎದೆಯುಬ್ಬಿಸುವವಳು. ಆ ಎದೆಯನ್ನೇ ಈಗ ತಗ್ಗಿಸಬೇಕಿತ್ತು.

ಹಾಲಿಗೆ ಹೋಗಿ, ಕೂರದೆ ಹೇಳಿದ.

"ಅಕ್ಕಾ, ಇವರು ಬೇಗ ಹಾರಲಿಲ್ಲ. ಸರಿಯಾದ ಹೊತ್ತಿಗೇ ಹೇಳಿದ್ರು. ಬೆರಳು ಗುಂಡಿ ಮೇಲೇ ಇತ್ತು. ನಾನು ಒತ್ತಲಿಲ್ಲ. ಬೇಕಂತಲೇ."

ಭಾವ ಕೂಡ ತಮಾಷೆ ಮಾಡಲಿಲ್ಲ. ಮಾತ್ರೆ ಕನ್ನಡಕ ತೆಗೆದು, ಒರೆಸದೆ ಹಾಗೇ ಕೈಯಲ್ಲಿ ಹಿಡಿದುಕೊಂಡ.

ಅಕ್ಕ ಕೊರಳಿನ ಅಳತೆ ಟೇಪನ್ನು ಬೆರಳಿಗೆ ಸುತ್ತುತ್ತಾ ಸುತ್ತುತ್ತಾ ಕೇಳಿದಳು. "ನಾನು ಅವಳನ್ನ ಅಷ್ಟು ಬೈದೆನಲ್ಲ. ನೀನು ಕೇಳ್ತಾ ಕೂತಿದ್ದೆ, ಅಲ್ವಾ?"

"ಹೂಂ."

"ಅದು ದೊಡ್ಡ ತಪ್ಪು ಕಣೋ. ಆಟದ್ದಲ್ಲ." ಅವಳತ್ತ ತಿರುಗಿ, "ಬಾಯಿಗೆ ಬಂದ ಹಾಗೆ ಅಂದುಬಿಟ್ಟೆ, ಮನಸ್ಸಿಗೆ ಹಚ್ಕೋಬೇಡ ಕಂದಾ," ಎಂದಳು.

ಪರದೆಯ ಮೇಲೆ ಪಾತ್ರ ಆರಿಸುವ ನಲವತ್ತು ಸೆಕೆಂಡು ಓಡತೊಡಗಿತು. ಬೈಂಡರನ ಹೆಸರಿನ ಎದುರು ಮಿಂಚುಳ್ಳಿ ನಿಂತಿದ್ದಳು, ಬಂದೂಕು ಹೆಗಲಿಗೇರಿಸಿ. ಅವನು ಅದಲುಬದಲಿನ ಗುರುತನ್ನು ಒತ್ತಿ, ಅವಳ ಹೆಸರನ್ನು ಮುಟ್ಟಿದ. ಮಿಂಚುಳ್ಳಿಯನ್ನು ಬಿಟ್ಟುಕೊಡುವಿರಾ ಎಂದು ಆಟ ಕೇಳಿತು.

ಹೌದು, ಎಂದು ಒತ್ತಿದ. ಅವಳ ಕೈಯಲ್ಲಿದ್ದ ಫೋನು ಸಣ್ಣಗೆ ಮಿಡಿಯಿತು.