ಉಜ್ಜಿದ ಕಂಬ

ಉಳಿ ಅಣ್ಣನದು, ಉಜ್ಜುವ ಕಲ್ಲು ತಮ್ಮನದು. ಅಪ್ಪ ಸತ್ತಂದಿನಿಂದ ಹೀಗೇ. ಎಂದೋ ಯಾವನೋ ಅರಸು ಕಟ್ಟಿಸಿದ ಈ ಗುಡಿಯ ದುರಸ್ತಿಯಲ್ಲೂ ಚಾವಣಿಯ ಮುರಿದ ತಾವರೆ ಅಣ್ಣನ ಪಾಲಾಯಿತು, ಜಿಡ್ಡುಗಟ್ಟಿದ ಕಂಬಗಳು ತಮ್ಮನ ಪಾಲಿಗೆ ಬಂದವು. "ನಿನ್ನ ಕೈ ಒರಟು ಕಣೋ, ನೀನು ಉಜ್ಜು ಸಾಕು," ಎಂದು ಅಣ್ಣ ಎಲ್ಲರೆದುರು ನಕ್ಕಿದ್ದ. ಆ ನಗು ತಮ್ಮನ ಹೊಟ್ಟೆಯಲ್ಲಿ ಕೆಂಡವಾಗಿ ಕೂತಿತ್ತು.

ಅಣ್ಣ ಇಲ್ಲದಿದ್ದರೆ ಉಳಿ ತನ್ನದೇ. ದಾರಿಯೂ ಸುಲಭವಿತ್ತು. ಚಾವಣಿ ಮುಟ್ಟಲು ಗಳು ಕಟ್ಟಿ ನಿಲ್ಲಿಸಿದ ಸಾರುವೆಯ ಮೇಲೆ ಅಣ್ಣ ಕೂರುವ ಹಲಗೆಯನ್ನು ಹಿಡಿದಿದ್ದುದು ಒಂದು ಮರದ ಬೆಣೆ. ಅದನ್ನು ಸಡಿಲಿಸಿದರೂ ಹಲಗೆ ಇದ್ದಲ್ಲೇ ಇರುತ್ತದೆ. ಆಳು ಕೂತಾಗ ಮಗುಚುತ್ತದೆ. ಕೆಳಗೆ ಕಲ್ಲುನೆಲ. ಮರ ಒಣಗಿ ಬೆಣೆ ಜಾರಿತು ಎನ್ನುತ್ತಾರೆ ಜನ. ಎಲ್ಲರಿಗಿಂತ ಜೋರಾಗಿ ತಾನೇ ಅಳಬೇಕು. ಅದನ್ನೂ ಮನಸ್ಸಿನಲ್ಲೇ ಅಭ್ಯಾಸ ಮಾಡಿದ್ದ.

ಮಧ್ಯಾಹ್ನ ಅಣ್ಣ ಕೈಕಾಲು ತೊಳೆಯಲು ಹೊರಗೆ ಹೋದ. ಅತ್ತಿಗೆ ಒರೆಸುವ ಬಟ್ಟೆ ಹಿಂಡಿಟ್ಟು, ಗೋಡೆಯಾಚೆ ಕೂತು ಬುತ್ತಿ ಬಿಚ್ಚುತ್ತಿದ್ದಳು. ಅಲ್ಲಿಂದ ಸಾರುವೆ ಕಾಣದೆಂದು ನಿನ್ನೆಯೇ ತಮ್ಮ ಅಲ್ಲಿ ಕೂತು ನೋಡಿ ಖಚಿತ ಮಾಡಿಕೊಂಡಿದ್ದ. ಹತ್ತಿದ. ಗೋಡೆಯುದ್ದಕ್ಕೂ ಕಲ್ಲಿನ ಮೆರವಣಿಗೆ: ಆನೆಗಳು, ಮದ್ದಳೆಯವರು, ಕುಣಿಯುವ ಹೆಂಗಸರು. ಎಲ್ಲರೂ ತನ್ನತ್ತ ಕತ್ತು ತಿರುಗಿಸಿದಂತೆ ಅನ್ನಿಸಿ ಮೈ ಜುಮ್ಮೆಂದಿತು. ಅವರನ್ನು ಕೆತ್ತಿ ಸತ್ತವರು ಆ ಮಬ್ಬಿನಲ್ಲಿ ಉಸಿರು ಹಿಡಿದು ನಿಂತಿದ್ದಾರೆ ಎನ್ನಿಸಿತು. ಥೂ, ಕಲ್ಲಿಗೆಲ್ಲಿಯ ಕಣ್ಣು. ಬೆಣೆ ಸಡಿಲಿಸಿ ಇಳಿದ.

ಮೂವರೂ ಗೋಡೆಯಾಚೆಯೇ ಊಟಕ್ಕೆ ಕೂತರು. ಅತ್ತಿಗೆ ಗಂಡನ ಕಿವಿಯಲ್ಲಿ ಏನೋ ಅಂದಳು. ಅಣ್ಣ ಎತ್ತಿದ ತುತ್ತನ್ನು ಕೆಳಗಿಟ್ಟ.

"ರೀ, ಇವತ್ತು ಉಳಿ ಇವನ ಕೈಗೇ ಕೊಡಿ," ಎಂದಳು ಅತ್ತಿಗೆ. "ಎಷ್ಟು ವರ್ಷದ ಆಸೆ, ಪಾಪ."

ಅಣ್ಣ ಉಳಿ ಚಾಚಿದ. "ಹತ್ತೋ. ತಾವರೆ ನೀನೇ ಮುಗಿಸು."

"ಇವತ್ತು ಬೇಡ ಅಣ್ಣ. ಯಾಕೋ ತಲೆ ಸುತ್ತುತ್ತೆ."

"ಈಗ ತಾನೇ ಹತ್ತಿ ಇಳಿದ್ಯಲ್ಲೋ," ಎಂದ ಅಣ್ಣ. ಅವನ ಕಣ್ಣು ತುಂಬಿತ್ತು.

ಆ ಕಣ್ಣನ್ನು ನೋಡಲಾಗದೆ ತಮ್ಮ ಗೋಡೆಯ ಕೊನೆಯಲ್ಲಿದ್ದ ಕಂಬದತ್ತ ಮುಖ ತಿರುಗಿಸಿದ. ವಾರಗಟ್ಟಲೆ ತಾನೇ ಉಜ್ಜಿದ್ದ ಕಂಬ. ನಿನ್ನೆ ಅದರ ಮೈತುಂಬ ಕಲ್ಲಿನ ಹಿಟ್ಟು ಮೆತ್ತಿಕೊಂಡಿತ್ತು. ಅದನ್ನು ಒರೆಸುವುದು ಯಾವತ್ತೂ ಅತ್ತಿಗೆಯ ಕೆಲಸ. ಇವತ್ತು ಬೆಳಗ್ಗೆ ಅವಳು ಒರೆಸಿ ಮುಗಿಸಿದ್ದಳು. ಕಪ್ಪು ಕಲ್ಲು ಕನ್ನಡಿಯಾಗಿತ್ತು. ಅದರೊಳಗೆ, ಗೋಡೆಯಾಚೆಯ ಸಾರುವೆಯೂ ಹಲಗೆಯೂ ಅರ್ಧ ಹೊರಬಂದ ಬೆಣೆಯೂ ಕೂತಲ್ಲಿಂದಲೇ ಸ್ಪಷ್ಟವಾಗಿ ಕಾಣುತ್ತಿದ್ದವು.